ಸಿಯಾಟಲ್ ಕಡಲಲ್ಲಿ ಕಯಾಕ್ ಮೀನುಗಾರಿಕೆ: ಮೊದಲು ಸೂಟು, ಆಮೇಲೆ ಗಾಳ

ಬೇಸಿಗೆ ಬಂತು ಅಂದರೆ ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್ ಕಡೆಯ ನಮ್ಮವರು ಕೇಳುವುದು ಒಂದೇ ಪ್ರಶ್ನೆ. ಮೀನು ಹಿಡಿಯೋಕೆ ಯಾವ ಕಯಾಕ್ (ಪುಟ್ಟ ದೋಣಿ) ತಗೊಳ್ಳಲಿ? ನನ್ನ ಉತ್ತರವೂ ಒಂದೇ. ಕಯಾಕ್ ಆಮೇಲೆ ನೋಡೋಣ, ಮೊದಲು ಡ್ರೈಸೂಟ್‌ಗೆ, ಅಂದರೆ ಮೈಗೆ ನೀರು ತಾಗದ ಹಾಗೆ ತಡೆಯುವ ಸೂಟಿಗೆ, ದುಡ್ಡು ಎತ್ತಿಡಿ.

ಮಲ್ಪೆ, ಕಾರವಾರದ ಅಲೆ ನೋಡಿ ಬೆಳೆದವರಿಗೆ ಸಿಯಾಟಲ್ ಮುಂದಿನ ಒಳಗಡಲು ಪ್ಯೂಜೆಟ್ ಸೌಂಡ್ ದೊಡ್ಡ ಕೆರೆಯ ಹಾಗೆ ಕಾಣುತ್ತದೆ. ದಡಕ್ಕೆ ಅಪ್ಪಳಿಸುವ ತೆರೆ ಇಲ್ಲ, ಎದುರಿಗೆ ಹಸಿರು ಗುಡ್ಡ, ಜುಲೈನಲ್ಲಿ ಹಿತವಾದ ಬಿಸಿಲು. ಟೀ ಶರ್ಟ್, ಚಡ್ಡಿ ಸಾಕು ಅನಿಸುತ್ತದೆ. ಆದರೆ ಇಲ್ಲಿನ ನೀರು ವರ್ಷಪೂರ್ತಿ ಹೆಚ್ಚುಕಮ್ಮಿ 8ರಿಂದ 13 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯ ನೀರು 28ರ ಆಸುಪಾಸು. ಈಜು ಚೆನ್ನಾಗಿ ಬರುತ್ತೆ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಹೇಳಿಕೊಡುವ ಲೆಕ್ಕ 1-10-1. ತಣ್ಣೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಏದುಸಿರು ಬರುತ್ತದೆ, ಆಗ ತಲೆ ನೀರೊಳಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತೀರಿ. ಆಮೇಲಿನ 10 ನಿಮಿಷ ಕೈಕಾಲು ಮಾತು ಕೇಳುತ್ತವೆ, ಅಷ್ಟರಲ್ಲಿ ಕಯಾಕ್ ಹತ್ತಬೇಕು. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಅಂದರೆ ಜನ ಸಾಯುವುದು ಹೆಚ್ಚಾಗಿ ಚಳಿಗಲ್ಲ, ಆ ಮೊದಲ ನಿಮಿಷಗಳಲ್ಲಿ ಲೈಫ್ ಜಾಕೆಟ್ ಇಲ್ಲದೆ ಮುಳುಗಿ. ಜಾಕೆಟ್ ಸೀಟಿನ ಹಿಂದೆ ಕಟ್ಟಿದ್ದರೆ ಪ್ರಯೋಜನ ಇಲ್ಲ, ಮೈಮೇಲೇ ಇರಬೇಕು.

ಡ್ರೈಸೂಟ್ ಅಗ್ಗ ಅಲ್ಲ. ಒಳ್ಳೆಯದಕ್ಕೆ ಸಾವಿರ ಡಾಲರ್ ಹತ್ತಿರ ಹೋಗುತ್ತದೆ. ಅದೇ ಕಾರಣಕ್ಕೆ ಹಳೇ ಕಯಾಕ್, ಹೊಸ ಸೂಟು ಅನ್ನುವವನು ನಾನು. ಕತ್ತು, ಮುಂಗೈ ಹತ್ತಿರ ಬಿಗಿಯಾದ ರಬ್ಬರ್ ಪಟ್ಟಿ ಇರುತ್ತದೆ, ನೀರು ಒಳಗೆ ಬರುವುದಿಲ್ಲ. ಆದರೆ ಸೂಟು ಬರೀ ನೀರು ತಡೆಯುತ್ತದೆ, ಬೆಚ್ಚಗಿಡುವುದು ಒಳಗೆ ಹಾಕಿದ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬಟ್ಟೆ ಬೇಡ. ಹಾಕಿಕೊಂಡ ಮೇಲೆ ಜಿಪ್ ಕೊನೆವರೆಗೂ ಎಳೆದಿದ್ದೀರಾ ನೋಡಿ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಕತ್ತಿನ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ, ಒಳಗಿನ ಗಾಳಿಯನ್ನು ಬುಸ್ ಅಂತ ಹೊರಗೆ ಬಿಡಿ. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಗಾಳಿ ಕಾಲಿಗೆ ಸೇರಿಕೊಂಡು ಒದ್ದಾಡಿಸುತ್ತದೆ.

ಇನ್ನು ಕಯಾಕ್. ಮೇಲೆ ಕೂರುವ ಬಗೆಯದೇ ತಗೊಳ್ಳಿ. ಪೆಡಲ್ ಇದ್ದರೆ ಎರಡೂ ಕೈ ಗಾಳಕ್ಕೆ ಸಿಗುತ್ತವೆ. ಅಷ್ಟೇ, ಬ್ರ್ಯಾಂಡ್ ಬಗ್ಗೆ ಜಗಳ ಬೇಡ.

ಕಡಲಿಗೆ ಇಳಿಯುವ ಮುಂಚೆ ಲೇಕ್ ಸಮಾಮಿಶ್‌ಗೆ ಹೋಗಿ ಬೇಕಂತಲೇ ಮಗುಚಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿನ ನೀರು ಬೆಚ್ಚಗಿರುತ್ತದೆ. ಕಯಾಕ್ ತಲೆಕೆಳಗಾದರೆ ಪಕ್ಕದಿಂದ ಕೈ ಚಾಚಿ ಆಚೆ ಅಂಚು ಹಿಡಿದು ಎಳೆಯಿರಿ, ನೆಟ್ಟಗಾಗುತ್ತದೆ. ಆಮೇಲೆ ಕಾಲು ಬಡಿಯುತ್ತಾ ಮೈಯನ್ನು ನೀರಿನ ಮಟ್ಟಕ್ಕೆ ತಂದು ಒಂದೇ ಸಲ ಮೇಲೆ ಎಳೆದುಕೊಳ್ಳಿ. ಮೊದಲು ಹೊಟ್ಟೆ, ಆಮೇಲೆ ಕುಂಡೆ, ಕೊನೆಗೆ ಕಾಲು. ಸೂಟು, ಜಾಕೆಟ್ ಎಲ್ಲಾ ಹಾಕಿಕೊಂಡೇ ಇದನ್ನು ಮಾಡಿ. ಆಫೀಸಿನ ಕುರ್ಚಿಗೆ ಒಗ್ಗಿದ ಮೈಗೆ ಮೊದಲ ಸಲ ಆಗುವುದಿಲ್ಲ. ಆಗುವವರೆಗೆ ಉಪ್ಪುನೀರು ಬೇಡ.

ಗಾಳಿ ಮತ್ತು ಪ್ರವಾಹ, ಎರಡನ್ನೂ ಒಟ್ಟಿಗೆ ನೋಡಬೇಕು. ನೀರು ಒಂದು ಕಡೆ ಹರಿಯುವಾಗ ಗಾಳಿ ಎದುರಿಂದ ಬೀಸಿದರೆ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಅಂಥ ದಿನ ಮನೆಯಲ್ಲೇ ಇರಿ. ಟಕೋಮಾ ನ್ಯಾರೋಸ್, ಡಿಸೆಪ್ಶನ್ ಪಾಸ್ ಅನ್ನುವ ಇಕ್ಕಟ್ಟಾದ ಜಲಸಂಧಿಗಳು ಎರಡೂ ಹೊಸಬರಿಗಲ್ಲ. ಡಿಸೆಪ್ಶನ್ ಪಾಸ್‌ನಲ್ಲಿ ನೀರು 8 ನಾಟ್‌ವರೆಗೂ (ಗಂಟೆಗೆ ಸುಮಾರು 15 ಕಿ.ಮೀ.) ಓಡುತ್ತದೆ, ನಿಮ್ಮ ಪೆಡಲ್ ಅದಕ್ಕೆ ಸಾಟಿಯಲ್ಲ. ಆಗಸ್ಟ್ ಬೆಳಿಗ್ಗೆ ಮಂಜು ಜಾಸ್ತಿ. ಎಡ್ಮಂಡ್ಸ್‌ನಿಂದ ಕಿಂಗ್‌ಸ್ಟನ್‌ಗೆ ಹೋಗುವ ಫೆರ್ರಿಯ ದಾರಿಗೆ ಅಡ್ಡ ಹೋಗಬೇಡಿ. ದೋಣಿಯವರು ಬಳಸುವ ವಿಎಚ್‌ಎಫ್ ರೇಡಿಯೋ ಜಾಕೆಟ್‌ಗೇ ಸಿಕ್ಕಿಸಿರಲಿ, ತುರ್ತಿಗೆ ಚಾನೆಲ್ 16. ಫೋನ್ ಇದೆಯಲ್ಲ ಅನ್ನಬೇಡಿ, ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಕೇಳುವುದಿಲ್ಲ.

ಲೈಸೆನ್ಸ್ ವಿಷಯಕ್ಕೆ ಬರೋಣ, ನಮ್ಮವರು ಎಡವುವುದು ಇಲ್ಲೇ. 15 ವರ್ಷ ತುಂಬಿದ ಎಲ್ಲರಿಗೂ ಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾಡಿ 90 ದಿನ ಆಗಿದ್ದರೆ ಸ್ಥಳೀಯರ ದರ. ಊರಿಂದ ಬಂದ ಅಪ್ಪ ಸುಮ್ನೆ ಒಂದು ಸಲ ಗಾಳ ಹಾಕುತ್ತೀನಿ ಅಂದರೂ ಅವರಿಗೆ ಬೇರೆ ಲೈಸೆನ್ಸ್ ಬೇಕು. ಒಂದರಿಂದ ಮೂರು ದಿನದ್ದು ಸಿಗುತ್ತದೆ, ಅದನ್ನೇ ತೆಗೆಸಿ. ಸಾಮನ್ ಮೀನು ಮತ್ತು ಡಂಜೆನೆಸ್ ಏಡಿಗೆ ದಾಖಲೆ ಕಾರ್ಡ್ ಇರುತ್ತದೆ, ಮೀನು ಇಟ್ಟುಕೊಂಡ ತಕ್ಷಣ ಅದರಲ್ಲಿ ಬರೆಯಬೇಕು. ದಡಕ್ಕೆ ಬಂದ ಮೇಲೆ ಬರೆದರಾಯಿತು ಅನ್ನುವಂತಿಲ್ಲ. ಕೆಲವು ತಪ್ಪಿಗೆ ಬರೀ ದಂಡ ಅಲ್ಲ, ಕ್ರಿಮಿನಲ್ ಕೇಸೇ ಆಗುತ್ತದೆ. ವೀಸಾ ಮೇಲಿರುವವರಿಗೆ ಆ ತಲೆನೋವು ಯಾಕೆ, ಅಲ್ವಾ? ಕಡಲನ್ನು 13 ಏರಿಯಾಗಳಾಗಿ ಭಾಗ ಮಾಡಿದ್ದಾರೆ. ಸಿಯಾಟಲ್ ಮುಂದಿನದು 10. ಯಾವ ಮೀನು ಎಲ್ಲಿ ತೆರೆದಿದೆ ಅನ್ನುವುದು ಸೀಸನ್ ಮಧ್ಯದಲ್ಲೂ ಬದಲಾಗುತ್ತದೆ. ಹೊರಡುವ ಬೆಳಿಗ್ಗೆ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮ ಮತ್ತೆ ನೋಡಿಯೇ ಹೊರಡಿ.

ಕಲಿಯುವವರಿಗೆ ಒಳ್ಳೆಯದು ಪಿಂಕ್ ಸಾಮನ್. ಬೆಸ ಸಂಖ್ಯೆಯ ವರ್ಷಗಳಲ್ಲಿ, ಆಗಸ್ಟ್ ಹೊತ್ತಿಗೆ ಹಿಂಡುಹಿಂಡಾಗಿ ಬರುತ್ತವೆ, ದಡದ ಹತ್ತಿರವೇ ಸಿಗುತ್ತವೆ, ಗುಲಾಬಿ ಬಣ್ಣದ ಏನನ್ನು ಕಂಡರೂ ಬಾಯಿ ಹಾಕುತ್ತವೆ. ಕೋಹೋ ಸಾಮನ್ ಜೋರಾಗುವುದು ಸೆಪ್ಟೆಂಬರ್‌ನಲ್ಲಿ. ಸಾಮನ್‌ಗೆ ಒಳಮುಳ್ಳಿಲ್ಲದ ಒಂಟಿ ಕೊಕ್ಕೆಯೇ ಬೇಕು. ಮುಳ್ಳಿದ್ದರೆ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ.

ಮೀನು ಕಚ್ಚಿದ ಮೇಲೆ ಆತುರ ಬೇಡ. ಕಯಾಕ್ ಪಕ್ಕ, ನೀರಿನಲ್ಲೇ ಹಿಡಿದು ಬಾಲದ ಮುಂದೆ ಬೆನ್ನ ಮೇಲೆ ನೋಡಿ. ಅಲ್ಲಿ ಒಂದು ಪುಟ್ಟ ಮೆತ್ತನೆಯ ರೆಕ್ಕೆ ಇರುತ್ತದೆ. ಮರಿ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನಿಗೆ ಮರಿಯಾಗಿದ್ದಾಗಲೇ ಅದನ್ನು ಕತ್ತರಿಸಿರುತ್ತಾರೆ, ವಾಸಿಯಾದ ಗುರುತಷ್ಟೇ ಉಳಿದಿರುತ್ತದೆ. ಕತ್ತರಿಸಿದ್ದನ್ನು ಮಾತ್ರ ಇಟ್ಟುಕೊಳ್ಳಬಹುದು ಅನ್ನುವ ನಿಯಮ ಇದ್ದಲ್ಲಿ, ರೆಕ್ಕೆ ಇರುವ ಮೀನನ್ನು ಫೋಟೋಗೆ ಅಂತ ಮೇಲೆತ್ತುವುದೂ ತಪ್ಪು. ಇಕ್ಕಳದಿಂದ ಕೊಕ್ಕೆ ಬಿಡಿಸಿ ಕಳಿಸಿಬಿಡಿ. ನೀವು ಹೀಗೆ ನೋಡುತ್ತಿರುವಾಗಲೇ ಸೀಲ್ ಅನ್ನುವ ಕಡಲ ಪ್ರಾಣಿ ಬಂದು ಮೀನನ್ನು ಕಸಿದುಕೊಂಡು ಹೋಗುವುದೂ ಉಂಟು. ಹಗ್ಗಜಗ್ಗಾಟಕ್ಕೆ ಇಳಿಯಬೇಡಿ, ಗೆಲ್ಲುವುದು ಅದೇ. ಇಲ್ಲಿನ ಓರ್ಕಾ ತಿಮಿಂಗಿಲಗಳು ಕಂಡರೆ ಗಾಳ ಎತ್ತಿ ದೂರ ಹೋಗಿ. 2025ರಿಂದ 1,000 ಗಜ ದೂರ ಇರಬೇಕು ಅನ್ನುವುದು ಕಾನೂನು.

ಮಂಗಳೂರು ಕಡೆಯವರಿಗೆ ಒಂದು ಮಾತು. ಸ್ಯಾಂಡ್‌ಡ್ಯಾಬ್ ಅನ್ನುವ ಚಪ್ಪಟೆ ಮೀನನ್ನು ಇಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಂಗ್ ಮೀನು ತಿಂದು ಬೆಳೆದವರು ಬಿಡುತ್ತಾರಾ? ರವೆ ಹಚ್ಚಿ ಕಾಯಿಸಿದರೆ ಸಾಮನ್‌ಗಿಂತ ಮೇಲು. ಪಿಂಕ್ ಮಾತ್ರ ಬೇಗ ಮೆತ್ತಗಾಗುತ್ತದೆ. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಬಸಿದು ಐಸ್‌ನಲ್ಲಿಡಿ.

ಏಡಿ ಬುಟ್ಟಿಯನ್ನೂ ಕಯಾಕಿನಿಂದ ಇಳಿಸಬಹುದು. ಡಂಜೆನೆಸ್ ಆದರೆ ಗಂಡು ಏಡಿ ಮಾತ್ರ, ಬೆನ್ನಿನ ಅಗಲ ಕನಿಷ್ಠ 6¼ ಇಂಚು ಇರಬೇಕು. ಬುಟ್ಟಿ ಕಳೆದುಹೋದರೆ ಏಡಿಗಳು ಒಳಗೇ ಸಾಯಬಾರದು ಅಂತ ಕೊಳೆಯುವ ಹತ್ತಿ ದಾರ ಕಟ್ಟುವುದು ಕಡ್ಡಾಯ. ಬೇಸಿಗೆಯ ಏಡಿ ದಾಖಲೆ ಕಾರ್ಡಿನ ವರದಿಯನ್ನು ಅಕ್ಟೋಬರ್ 1ರೊಳಗೆ ಕೊಡಬೇಕು. ಒಂದೂ ಏಡಿ ಸಿಗದಿದ್ದರೂ ಕೊಡಬೇಕು. ಮರೆತರೆ ಮುಂದಿನ ಸಲ ಲೈಸೆನ್ಸ್ ತೆಗೆಯುವಾಗ 10 ಡಾಲರ್ ಸೇರಿಸಿ ವಸೂಲಿ ಮಾಡುತ್ತಾರೆ.