ಹೊಸ ವೋಕ್ ಪಳಗಿಸುವ ಬಗೆ

ವೋಕ್ ಎಂದರೆ ಚೀನೀ ಅಡುಗೆಯ ಅಗಲ ಬಾಯಿಯ ಬಾಣಲೆ. ಅದಕ್ಕೆ ತೆಳುವಾಗಿ ಎಣ್ಣೆ ಸವರಿ ಕಾಯಿಸಿ, ಗಟ್ಟಿ ಪದರ ಕಟ್ಟಿಸುವುದೇ ಪಳಗಿಸುವುದು. ವೋಕ್ ಕೊಳ್ಳುವ ಮುಂಚೆ ಮನೆಯ ಒಲೆ ಯಾವುದೆಂದು ನೋಡಿಕೊಳ್ಳಬೇಕು. ಇಂಡಕ್ಷನ್ ಒಲೆಗೆ ಚಪ್ಪಟೆ ತಳವೇ ಬೇಕು. ಗ್ಯಾಸ್ ಮೇಲೆ ಗುಂಡು ತಳ ಅಲ್ಲಾಡುತ್ತದೆ. ಅದಕ್ಕೆ ರಿಂಗ್ ಇಟ್ಟರೆ ಪಾತ್ರೆ ಉರಿಯಿಂದ ದೂರವಾಗಿ ಕಾವು ಸಾಲುವುದಿಲ್ಲ. ಹಾಗಾಗಿ ಗ್ಯಾಸಿಗೂ ನಾನು ಆರಿಸುವುದು ಅಂಗೈಯಗಲದ ಚಪ್ಪಟೆ ತಳ ಇರುವುದನ್ನೇ.

ಲೋಹದ ವಿಷಯದಲ್ಲಿ ನನ್ನ ಮತ ಕಾರ್ಬನ್ ಸ್ಟೀಲಿಗೆ. ಬೀಡಿನ ವೋಕ್ ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ದಪ್ಪಗಿದ್ದರೆ ಒಂದು ಕೈಯಲ್ಲಿ ಎತ್ತಿ ಆಡಿಸಲಾಗದು, ಬಿದ್ದರೆ ಒಡೆಯಲೂಬಹುದು. ನಾನ್‌ಸ್ಟಿಕ್ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ. ದೊಡ್ಡ ಉರಿಯಲ್ಲಿ ಖಾಲಿ ವೋಕ್ ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ. ಕಾರ್ಬನ್ ಸ್ಟೀಲಿನಲ್ಲಿ ದಪ್ಪ 1.5 ಮಿ.ಮೀ. ಆಸುಪಾಸು ಇರಲಿ. ತೀರಾ ತೆಳುವಾದರೆ ತಳ ಉಬ್ಬಿ ಸೊಟ್ಟಗಾಗುತ್ತದೆ, 2 ಮಿ.ಮೀ. ದಾಟಿದರೆ ಮಣಿಕಟ್ಟು ನೋಯುತ್ತದೆ. ಮೂರು ನಾಲ್ಕು ಜನರ ಅಡುಗೆಗೆ 30ರಿಂದ 35 ಸೆಂ.ಮೀ. ಬಾಯಿ ಸಾಕು.

ಅಂಗಡಿಯಿಂದ ಬಂದ ವೋಕಿಗೆ ತುಕ್ಕು ಹಿಡಿಯದಂತೆ ಎಣ್ಣೆಯನ್ನೋ ಮೆರುಗೆಣ್ಣೆಯನ್ನೋ ಬಳಿದಿರುತ್ತಾರೆ. ಅದು ಉಳಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ: ನಾವು ಹಾಕುವ ಎಣ್ಣೆ ಲೋಹಕ್ಕೆ ಕಚ್ಚದೆ ಆ ಲೇಪನದ ಮೇಲೆ ಕೂತು, ಆಮೇಲೆ ಸಿಪ್ಪೆಯಂತೆ ಏಳುತ್ತದೆ. ಬಿಸಿನೀರು, ಪಾತ್ರೆ ಸೋಪು, ಸ್ಟೀಲ್ ನಾರು ಹಿಡಿದು ಒಳಗೂ ಹೊರಗೂ ಉಜ್ಜಬೇಕು. ಇದೊಂದೇ ಸಲ ಸ್ಟೀಲ್ ನಾರಿಗೆ ಅವಕಾಶ! ಮುಟ್ಟಿದರೆ ಜಿಡ್ಡು ತಾಗಬಾರದು, ಹೊಳಪಿನ ಪದರ ಕಾಣಬಾರದು. ಬಟ್ಟೆಗೆ ಅಂಟುವ ತಿಳಿ ಬೂದು ಬಣ್ಣ ಲೋಹದ್ದು, ಅದು ಪೂರ್ತಿ ಹೋಗಲಿ ಎಂದು ಕಾಯಬೇಡಿ.

ಮರದ ಹಿಡಿಯನ್ನು ಬಿಚ್ಚಿಡಿ. ಕಿಟಕಿ ತೆರೆದು, ಒಣ ವೋಕನ್ನು ದೊಡ್ಡ ಉರಿಯಲ್ಲಿಟ್ಟು ಓರೆಯಾಗಿಸುತ್ತ ಎಲ್ಲ ಕಡೆ ಕಾಯಿಸಬೇಕು. ಲೋಹ ಮೊದಲು ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ಸುಮಾರು 300 ಡಿಗ್ರಿಯಲ್ಲಿ ನೀಲಿಯಾಗುತ್ತದೆ. ಅಂಚಿಗೆ ಉರಿ ತಾಗದಿದ್ದರೆ ಅಲ್ಲಿ ನೀಲಿ ಬಾರದು, ಅದರಿಂದ ನಷ್ಟವಿಲ್ಲ. ಇಂಡಕ್ಷನ್ ಇದ್ದವರು ಈ ಹಂತವನ್ನು ಬಿಟ್ಟುಬಿಡುವುದೇ ಲೇಸು: ತಳ ಮಾತ್ರ ವಿಪರೀತ ಕಾದು ಸೊಟ್ಟಗಾಗುತ್ತದೆ. ಪೂರ್ತಿ ಲೋಹದ ವೋಕಾದರೆ ಎಣ್ಣೆ ಸವರಿ, ಓವನ್ನಿನಲ್ಲಿ 230 ಡಿಗ್ರಿಗೆ ಒಂದು ಗಂಟೆ ಇಟ್ಟರೂ ಪಳಗುತ್ತದೆ.

ಹೆಚ್ಚಿನವರು ಎಡವುವುದು ಎಣ್ಣೆಯ ಅಳತೆಯಲ್ಲಿ. ಇಡೀ ಒಳಮೈಗೆ ಅರ್ಧ ಟೀ ಚಮಚ ಸಾಕು. ಸೂರ್ಯಕಾಂತಿ ಅಥವಾ ಸೋಯಾ ಎಣ್ಣೆ ಒಳ್ಳೆಯದು, ಕೊಬ್ಬರಿ ಎಣ್ಣೆ ಅಷ್ಟು ಗಟ್ಟಿ ಪದರ ಕಟ್ಟುವುದಿಲ್ಲ. ನೀಲಿಯಾದ ವೋಕನ್ನು ಸ್ವಲ್ಪ ಆರಲು ಬಿಟ್ಟು, ಇಕ್ಕಳದಲ್ಲಿ ಹತ್ತಿ ಬಟ್ಟೆ ಹಿಡಿದು ಸವರಿ, ಕೂಡಲೇ ಒಣ ಬಟ್ಟೆಯಿಂದ ಎಣ್ಣೆಯೆಲ್ಲ ಹೋಯಿತೇನೋ ಎನ್ನುವಷ್ಟು ಒರೆಸಬೇಕು. ಮತ್ತೆ ಕಾಯಿಸಿ, ಹೊಗೆ ಎದ್ದು ನಿಲ್ಲುವವರೆಗೆ ಬಿಡಿ. ಹೀಗೆ ಮೂರು ನಾಲ್ಕು ಸಲ. ಎಣ್ಣೆ ದಪ್ಪವಾದರೆ ಗಟ್ಟಿಯಾಗದೆ ಅಂಟಂಟಾಗಿ, ಅಲ್ಲಲ್ಲಿ ಕಂದು ಹನಿಗಟ್ಟುತ್ತದೆ. ಅಂಥದ್ದನ್ನು ಮತ್ತಷ್ಟು ಕಾಯಿಸಿ ನೋಡಿ. ಆಗಲೂ ಅಂಟಿದರೆ ಆ ಜಾಗವನ್ನು ಉಜ್ಜಿ ತೆಗೆದು ಪುನಃ ಸವರಬೇಕು.

ಮೊದಲ ಕೆಲವು ವಾರ ಹುರಿಯಲು, ಕರಿಯಲು ಮಾತ್ರ ಬಳಸಿ. ಹುಣಸೆಹುಳಿ, ಟೊಮೆಟೊ, ವಿನೆಗರ್ ಎಳೆಯ ಪದರವನ್ನು ಕಿತ್ತುಬಿಡುತ್ತವೆ, ಹೊತ್ತುಗಟ್ಟಲೆ ನೀರು ಕುದಿಸಿದರೂ ಅದೇ ಪಾಡು. ಮೈಯೆಲ್ಲ ಮಚ್ಚೆಮಚ್ಚೆಯಾಗಿ ಕಂಡರೆ ಗಾಬರಿ ಬೇಡ. ಕಪ್ಪು ಚಕ್ಕೆ ಉದುರಿದರೆ ಅದು ಬಹುಮಟ್ಟಿಗೆ ಸೀದ ಆಹಾರವೇ, ಹರಳುಪ್ಪಿನಿಂದ ಉಜ್ಜಿದರೆ ಹೋಗುತ್ತದೆ. ತೊಳೆಯಲು ಬಿಸಿನೀರು, ಮೆತ್ತನೆ ಬ್ರಶ್ ಸಾಕು, ಒಂದು ಹನಿ ಸೋಪಿನಿಂದ ಏನೂ ಕೆಡುವುದಿಲ್ಲ. ತೊಳೆದ ಕೂಡಲೇ ಉರಿಯ ಮೇಲಿಟ್ಟು ಆರಿಸಿ, ಒಂದೆರಡು ಹನಿ ಎಣ್ಣೆ ಒರೆಸಿಡಬೇಕು. ಹೊರಮೈಯನ್ನು ಮರೆಯಬೇಡಿ, ತುಕ್ಕು ಅನೇಕ ಸಲ ಶುರುವಾಗುವುದು ಹಿಡಿಯ ರಿವೆಟ್ ಸುತ್ತ.