ಕಾರ್ ಶೆಡ್ ವಾಸದ ಕೋಣೆಯಾಗಬೇಕಾದರೆ ತಗಡಿನ ಕಾವನ್ನು ತಡೆಯುವುದು ಹೇಗೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಕಾರ್ ಶೆಡ್ಡಿನಲ್ಲಿ ಏಣಿ ಹತ್ತಿ, ತಗಡಿನ ಕೆಳಗೆ ಒಂದು ಗೇಣು ಅಂತರದಲ್ಲಿ ಅಂಗೈ ಹಿಡಿದು ನೋಡಿ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ದಾಟಿದ ದಿನ ಬಿಸಿಲಿಗೆ ಕಾದ ತಗಡು 60 ಡಿಗ್ರಿಯನ್ನೂ ಮೀರಬಲ್ಲದು. ಶಟರ್ ತೆಗೆದು, ಆ ಜಾಗಕ್ಕೆ ಗೋಡೆ ಕಟ್ಟಿ, ಬಣ್ಣ ಬಳಿದು, ಫ್ಯಾನ್ ತೂಗುಹಾಕಿದರೆ ಕೋಣೆ ಸಿದ್ಧವಾಯಿತೆಂದು ನಂಬಿದವರ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅಲ್ಲಿ ಫ್ಯಾನು ಮೇಲೆ ತುಂಬಿಕೊಂಡ ಬಿಸಿಗಾಳಿಯನ್ನೇ ಮಲಗಿದವರ ಮೇಲೆ ತಳ್ಳುತ್ತಿರುತ್ತದೆ.

ಮಂಜೂರಾದ ನಕ್ಷೆಯಲ್ಲಿ ವಾಹನ ನಿಲುಗಡೆ ಎಂದು ತೋರಿಸಿದ ಜಾಗವನ್ನು ವಾಸಕ್ಕೆ ಬಳಸುವ ಮೊದಲು ಪಾಲಿಕೆ ಅಥವಾ ನಗರಸಭೆಯಲ್ಲಿ ವಿಚಾರಿಸಿ. ಅನಂತರ ಎತ್ತರ ಅಳೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್ ಎತ್ತರ ಕೇಳುತ್ತದೆ. ಮುಂದೆ ಹೇಳಲಿರುವ ಪದರಗಳು ಅರ್ಧ ಅಡಿಯನ್ನಾದರೂ ನುಂಗುತ್ತವೆ. ಆದ್ದರಿಂದ ಶೆಡ್ಡು ತಗ್ಗಾಗಿದ್ದರೆ ಮೊದಲು ತಗಡನ್ನೇ ಎತ್ತರಿಸಬೇಕು. ಮೇಲಿರುವುದು ಹಳೆಯ ಸಿಮೆಂಟ್ ಶೀಟಾಗಿದ್ದರೆ ಅದಕ್ಕೆ ರಂಧ್ರ ಕೊರೆಯಬೇಡಿ, ಒಡೆಯಲೂಬೇಡಿ. ಅದರಲ್ಲಿನ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ನೀರು ಚಿಮುಕಿಸಿ, ಇಡಿಯಾಗಿ ಇಳಿಸಬಲ್ಲವರಿಗೇ ಆ ಕೆಲಸ ಒಪ್ಪಿಸಿ.

ನೆಲದ ಕೆಲಸ ಸುಲಭ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯಡಿ ಹನಿಗಟ್ಟಿದ್ದರೆ ನೆಲದಿಂದ ತೇವ ಏರುತ್ತಿದೆ ಎಂದರ್ಥ; 250 ಮೈಕ್ರಾನ್ ಪಾಲಿಥೀನ್ ಹಾಸಿ, ಅದರ ಮೇಲೆ ಕಾಂಕ್ರೀಟ್ ಸುರಿದು, ಗೇಟಿನ ಕಡೆಗಿರುವ ಇಳಿಜಾರನ್ನೂ ಅದರಲ್ಲೇ ಸರಿಪಡಿಸಿ. ಮೇಲುಹಾಸಿಗೆ ನಮ್ಮ ಕಡೆಯ ಶಹಾಬಾದಿ ಫರ್ಸಿಯೇ ಸಾಕು. ಶಟರಿನ ಜಾಗಕ್ಕೆ ಗೋಡೆ ಕಟ್ಟುವಾಗ ಹಳೆಯ ಕಂಬ ಮತ್ತು ಹೊಸ ಗೋಡೆ ಕೂಡುವ ಸಂದಿಗೆ ಕೋಳಿ ಜಾಲರಿ ಬಡಿದು ಗಾರೆ ಮಾಡಿಸಿ, ಇಲ್ಲದಿದ್ದರೆ ಅಲ್ಲಿ ಬಿರುಕು ಖಚಿತ.

ಜನ ಎಡವುವುದು ಚಾವಣಿಯಲ್ಲಿ. ಅಂಗಡಿಗಳಲ್ಲಿ ಸಿಗುವ ಬೆಳ್ಳಿಬಣ್ಣದ ಬಬಲ್ ಶೀಟನ್ನು ತಂದು ತಗಡಿಗೆ ನೇರವಾಗಿ ಅಂಟಿಸಿಬಿಡುತ್ತಾರೆ. ನಮ್ಮ ಮನೆಯಲ್ಲಿಯೂ ಮೊದಲ ಸಲ ಹೀಗೆಯೇ ಆಯಿತು. ಕೆಲಸದವರು ಅರ್ಧ ದಿನದಲ್ಲಿ ಮುಗಿಸಿ ಹೋದರು, ಮೇ ತಿಂಗಳ ಹೊತ್ತಿಗೆ ಅಂಟು ಕರಗಿ ಹಾಳೆ ಜೋತುಬಿತ್ತು, ಕಾವು ಮಾತ್ರ ಇಳಿಯಲಿಲ್ಲ. ಹೊಳೆಯುವ ಹಾಳೆ ತಡೆಯುವುದು ತಗಡು ಹೊರಸೂಸುವ ಕಾವನ್ನು. ಆ ಗುಣ ಕೆಲಸ ಮಾಡಬೇಕಾದರೆ ಹೊಳೆಯುವ ಮೈಯ ಮುಂದೆ ಕನಿಷ್ಠ ಒಂದಂಗುಲ ಖಾಲಿ ಗಾಳಿ ಇರಲೇಬೇಕು. ಎರಡು ವಸ್ತುಗಳ ನಡುವೆ ಒತ್ತಿ ಕೂರಿಸಿದರೆ ಕಾವು ಮುಟ್ಟಿಯೇ ದಾಟುತ್ತದೆ, ಹೊಳಪಿಗೆ ಅಲ್ಲಿ ಕೆಲಸವಿಲ್ಲ.

ಆದ್ದರಿಂದ ಹಾಳೆಯನ್ನು ತಗಡಿಗೆ ಅಂಟಿಸದೆ, ತಗಡು ಹೊತ್ತಿರುವ ಕಬ್ಬಿಣದ ಅಡ್ಡ ಪೈಪುಗಳ ಕೆಳಮೈಗೆ ಕಟ್ಟಿಸಿ. ಆಗ ಪೈಪಿನ ದಪ್ಪದಷ್ಟು, ಅಂದರೆ ಎರಡು ಮೂರು ಅಂಗುಲದ ಗಾಳಿಪದರ ತಾನಾಗಿ ದೊರೆಯುತ್ತದೆ. ಹೊಳೆಯುವ ಮೈ ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ನಮ್ಮ ಕೆಂಪು ಧೂಳು ಕೂತು ಕೆಲವೇ ವರ್ಷಗಳಲ್ಲಿ ಹೊಳಪು ಸಾಯುತ್ತದೆ. ಹಾಳೆಗಳನ್ನು ಹೆಂಚು ಹೊದಿಸಿದಂತೆ, ಎತ್ತರದ ಕಡೆಯದು ತಗ್ಗಿನ ಕಡೆಯದರ ಮೇಲೆ ನಾಲ್ಕು ಅಂಗುಲ ಬರುವಂತೆ ಹೊದಿಸಿ, ಸಂದುಗಳಿಗೆ ಅಲ್ಯೂಮಿನಿಯಂ ಟೇಪ್ ಹಚ್ಚಿಸಿ. ಡಿಸೆಂಬರಿನ ಬೆಳಗಿನ ಜಾವ ತಣ್ಣಗಾದ ತಗಡಿನ ಒಳಮೈಯಲ್ಲಿ ಹನಿಗಟ್ಟುವ ನೀರು ಆಗ ಕೋಣೆಗೆ ತೊಟ್ಟಿಕ್ಕದೆ, ಹಾಳೆಯ ಮೇಲೆ ಜಾರಿ ಹೊರಗೆ ಹೋಗುತ್ತದೆ. ಈ ಗಾಳಿಪದರದ ತಗ್ಗಿನ ತುದಿ, ಎತ್ತರದ ತುದಿ ಎರಡನ್ನೂ ಸಿಮೆಂಟಿನಿಂದ ಮುಚ್ಚಿಸಬೇಡಿ. ಕಾದ ಗಾಳಿ ಎತ್ತರದ ತುದಿಯಿಂದ ಹೊರಬಿದ್ದಂತೆ ತಗ್ಗಿನ ತುದಿಯಿಂದ ಹೊಸ ಗಾಳಿ ಬರಬೇಕು. ಗುಬ್ಬಿ, ಹಲ್ಲಿಗಳು ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಸಾಕು.

ಹಾಳೆಯ ಕೆಳಗೆ ಮತ್ತೊಂದು ಅಂಗುಲ ಬಿಟ್ಟು ಫಾಲ್ಸ್ ಸೀಲಿಂಗಿನ ಚೌಕಟ್ಟು ಕಟ್ಟಿಸಿ, ಅದರಲ್ಲಿ 50 ಮಿಲಿಮೀಟರ್ ದಪ್ಪದ ರಾಕ್ ವೂಲ್, ಅಂದರೆ ಕಲ್ಲನ್ನು ಕರಗಿಸಿ ತೆಗೆದ ಎಳೆಗಳ ಹಾಸು, ತುಂಬಿಸಿ. ಅದೇ ಕಾವನ್ನು ಇಟ್ಟಿಗೆಯಿಂದ ತಡೆಯಬೇಕೆಂದರೆ ಸುಮಾರು ಒಂದು ಮೀಟರ್ ದಪ್ಪದ ಗೋಡೆ ಬೇಕಾಗುತ್ತದೆ. ತುಂಡುಗಳನ್ನು ಚೌಕಟ್ಟಿಗಿಂತ ಒಂದು ಸೆಂಟಿಮೀಟರ್ ಅಗಲವಾಗಿ ಕತ್ತರಿಸಿದರೆ ಅವು ಬಿಗಿಯಾಗಿ ಕೂರುತ್ತವೆ. ಆದರೆ ದಪ್ಪವನ್ನು ಅದುಮಬಾರದು, ಅದುಮಿದಷ್ಟೂ ಒಳಗಿನ ಗಾಳಿ ಹೋಗಿ ಗುಣ ಕಡಿಮೆಯಾಗುತ್ತದೆ. ಕೈಗವಸು, ಮುಖಗವಸು ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಹಚ್ಚಬೇಡಿ. ಅಗ್ಗವೆಂದು ಥರ್ಮೊಕೋಲ್ ತುಂಬಿಸುವವರಿದ್ದಾರೆ. ಬೆಂಕಿ ತಗುಲಿದರೆ ಅದು ಕರಗಿ, ಉರಿಯುತ್ತಲೇ ತೊಟ್ಟಿಕ್ಕುತ್ತದೆ, ಮಲಗುವ ಕೋಣೆಯ ನೆತ್ತಿಯ ಮೇಲೆ ಅದು ಬೇಡವೇ ಬೇಡ. ಸೀಲಿಂಗಿನಲ್ಲಿ ಹುದುಗಿಸುವ ದೀಪಗಳೂ ಬೇಡ, ವೂಲ್ ಮುಚ್ಚಿದ ದೀಪದ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಗೋಡೆಗೆ ಟ್ಯೂಬ್‌ಲೈಟ್ ಹಾಕಿಸಿ. ಇಷ್ಟಾದ ಮೇಲೆ, ಚಾವಣಿಯ ಓರೆಯನ್ನೇ ಅನುಸರಿಸಿ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್ ಹೊಡೆಸಿ. ಸಮತಟ್ಟಾಗಿ ಹೊಡೆಸಿದರೆ ಎತ್ತರ ಸುಮ್ಮನೆ ನಷ್ಟವಾಗುತ್ತದೆ.

ಗೋಡೆಗಳಲ್ಲಿ ಪಡುವಣ ದಿಕ್ಕಿನದೊಂದನ್ನು ನೋಡಿಕೊಂಡರೆ ಸಾಕು. ಅದು ನಾಲ್ಕಂಗುಲದ ಗೋಡೆಯಾಗಿದ್ದರೆ ಹೊರಗೆ ಸುಣ್ಣ ಬಳಿಸಿ, ನೆರಳಿಗೆ ಬಿದಿರಿನ ತಟ್ಟಿಯನ್ನೋ ಬಳ್ಳಿಯನ್ನೋ ಅರ್ಧ ಅಡಿ ದೂರದಲ್ಲಿ ನಿಲ್ಲಿಸಿ. ಬಿಸಿಲು ಗೋಡೆಗೆ ಬೀಳದಂತೆ ಹೊರಗೇ ತಡೆಯುವುದು ಒಳಗೆ ಎಷ್ಟು ಬೋರ್ಡು ಹೊಡೆಸಿದರೂ ಬಾರದ ಫಲ ಕೊಡುತ್ತದೆ.

ಒಣಹವೆಯ ಊರುಗಳಲ್ಲಿ ಕಿಟಕಿಗಳ ಒಟ್ಟು ಅಳತೆ ನೆಲದ ಹತ್ತನೆಯ ಒಂದು ಭಾಗವಾದರೂ ಇರಬೇಕು; 10 ಅಡಿಗೆ 18 ಅಡಿಯ ಶೆಡ್ಡಿಗೆ ಅದು 18 ಚದರ ಅಡಿ. ಅದನ್ನು ಎದುರುಬದುರು ಗೋಡೆಗಳಿಗೆ ಹಂಚಿ. ಕೂಲರ್ ಇಡುವವರು ಅದನ್ನು ಒಂದು ಕಿಟಕಿಯ ಹೊರಗಿಟ್ಟು, ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಿಡಬೇಕು. ಅದನ್ನು ಮುಚ್ಚಿದರೆ ಒಂದು ಗಂಟೆಯೊಳಗೆ ಹಾಸಿಗೆ, ಬಟ್ಟೆಗಳೆಲ್ಲ ಜಿಗುಟಾಗುತ್ತವೆ.