ಡೊಂಬಿವಲಿಯಲ್ಲಿ ಊರಿನ ಎಣ್ಣೆಯ ಸಾಬೂನು

ಮನೆಯಲ್ಲಿ ಸಾಬೂನು ಮಾಡುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಈಗ ಯಾವ ತಿಂಗಳು ಎಂದು ನಾನು ಮೊದಲು ನೋಡುತ್ತೇನೆ. ಮುಂಬಯಿ ಕಡೆಯ ಹವೆಯಲ್ಲಿ ಸಾಬೂನು ಕೂಡಿಸುವುದು ಸುಲಭ, ಒಣಗಿಸುವುದೇ ಕಷ್ಟ. ದೀಪಾವಳಿ ಕಳೆದ ಮೇಲೆ ಶುರು ಮಾಡಿ, ಏಪ್ರಿಲ್ ಒಳಗೆ ಮುಗಿಸಿಬಿಡಿ. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಕೊನೆಯ ಸಾಬೂನೂ ಒಣಗಿ ಡಬ್ಬಿ ಸೇರಿರಬೇಕು.

ಸೋಪ್ ಬೇಸ್, ಅಂದರೆ ಮೊದಲೇ ಸಾಬೂನಾಗಿರುವ ಗಟ್ಟಿ, ತಂದು ಕರಗಿಸಿ ಅಚ್ಚಿಗೆ ಸುರಿಯುವ ದಾರಿಯೂ ಇದೆ. ಮಕ್ಕಳ ಜೊತೆ ಮಾಡುವುದಾದರೆ ಅದೇ ಸರಿ. ನನಗೆ ಮಾತ್ರ ಕುಂದಾಪುರದಿಂದ ಬರುವ ಮಿಲ್ಲಿನ ತೆಂಗಿನೆಣ್ಣೆಯಲ್ಲೇ ಮಾಡಬೇಕಿತ್ತು. ಅಮ್ಮನಿಗೆ ಸಂಕಟ. "ಅಷ್ಟು ಒಳ್ಳೆ ಎಣ್ಣೆ ಸಾಬೂನಿಗೆ ಹಾಕ್ತ್ಯಾ ಮಾರಾಯ್ತಿ?" ಎಂದು ಫೋನಿನಲ್ಲಿ ಬೈದರು. ಈಗ ಅವರೇ ಎಣ್ಣೆ ಕಳಿಸುವಾಗ "ನಂಗೆ ನಾಲ್ಕು ಸಾಬೂನು ತೆಗೆದಿಡು" ಅನ್ನುತ್ತಾರೆ.

ತೆಂಗಿನೆಣ್ಣೆಯಿಂದ ಸಾಬೂನು ಗಟ್ಟಿಯಾಗುತ್ತದೆ, ನೊರೆ ಧಾರಾಳ. ಉಪ್ಪುನೀರಿನಲ್ಲೂ ನೊರೆ ಬರುತ್ತದೆ. ಆದರೆ ಬರೀ ಅದೊಂದನ್ನೇ ಹಾಕಿದರೆ ಮೈ ಬಿರಿಬಿರಿ ಅನ್ನುತ್ತದೆ. ಹಾಗಾಗಿ ನಾನು ಅರ್ಧದಷ್ಟು ಮಾತ್ರ ಹಾಕುತ್ತೇನೆ: ತೆಂಗಿನೆಣ್ಣೆ 250 ಗ್ರಾಂ, ಆಲಿವ್ ಎಣ್ಣೆ 200 ಗ್ರಾಂ, ಹರಳೆಣ್ಣೆ 50 ಗ್ರಾಂ.

ಇನ್ನು ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾ. ಒಂದೊಂದು ಎಣ್ಣೆಗೂ ಅದರ ಲೆಕ್ಕ ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ, ಆಲಿವ್‌ಗೆ 0.135, ಹರಳೆಣ್ಣೆಗೆ 0.128. ಕೂಡಿಸಿದರೆ 79 ಗ್ರಾಂ ಆಗುತ್ತದೆ. ಅದರಲ್ಲಿ ನೂರಕ್ಕೆ ಐದು ಭಾಗ ಕಡಿಮೆ ಮಾಡಿ 75 ಗ್ರಾಂ ಹಾಕುತ್ತೇನೆ. ಸ್ವಲ್ಪ ಎಣ್ಣೆ ಸಾಬೂನಾಗದೆ ಹಾಗೇ ಉಳಿದು ಚರ್ಮಕ್ಕೆ ಹಿತವಾಗುತ್ತದೆ. ಇಲ್ಲಿ ಚಮಚ, ಲೋಟದ ಅಳತೆ ನಡೆಯುವುದಿಲ್ಲ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಸುಮ್ನೆ ಇದಕ್ಕೆ ಕೈ ಹಾಕಬೇಡಿ. ಸೋಡಾ ಶುದ್ಧವಾದದ್ದೇ ಬೇಕು. ನಾನು ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಯಿಂದ ತರುತ್ತೇನೆ. ಮೋರಿ ಕಟ್ಟಿದಾಗ ಸುರಿಯುವ ಪುಡಿಯಲ್ಲಿ ಬೇರೇನೇನೋ ಬೆರೆತಿರುತ್ತದೆ, ಅದು ಬೇಡ.

ಕಣ್ಣನ್ನು ಪೂರ್ತಿ ಮುಚ್ಚುವ ಗಾಗಲ್ಸ್, ರಬ್ಬರ್ ಗ್ಲೌಸ್, ತುಂಬು ತೋಳಿನ ಬಟ್ಟೆ ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಮಕ್ಕಳನ್ನು ಆಚೆ ಕಳಿಸಿಯೇ ನಾನು ಸೋಡಾ ಡಬ್ಬಿ ಮುಟ್ಟುವುದು. 150 ಗ್ರಾಂ ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಒಲೆ ಹಚ್ಚದೆಯೇ ನೀರು ಕೊತಕೊತ ಬಿಸಿಯಾಗಿ ಹಬೆ ಬರುತ್ತದೆ, ಅದನ್ನು ಉಸಿರಿಗೆ ಎಳೆದುಕೊಳ್ಳಬಾರದು. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಮ್ಮನ್ನು ಸೋಡಾ ತಿಂದುಹಾಕುತ್ತದೆ. ಮೈಮೇಲೆ ಬಿದ್ದರೆ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆಯಬೇಕು. ಲಿಂಬೆಹುಳಿ, ವಿನೆಗರ್ ಹಚ್ಚಬಾರದು.

ಎಣ್ಣೆಯೂ ಸೋಡಾ ನೀರೂ 40 ಡಿಗ್ರಿ ಆಸುಪಾಸಿಗೆ ಬಂದ ಮೇಲೆ ಎರಡನ್ನೂ ಸೇರಿಸಿ ಹ್ಯಾಂಡ್ ಬ್ಲೆಂಡರ್ ಹಾಕುತ್ತೇನೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಮೊದಲು ಎಣ್ಣೆ ಗೆರೆಗೆರೆಯಾಗಿ ತೇಲುತ್ತಿರುತ್ತದೆ. ಆಮೇಲೆ ಬಣ್ಣ ಮಸುಕಾಗಿ, ಎಲ್ಲ ಒಂದಾಗಿ, ನೀರುದೋಸೆ ಹಿಟ್ಟು ಉದ್ದಿನದೋಸೆ ಹಿಟ್ಟಾದ ಹಾಗೆ ದಪ್ಪವಾಗುತ್ತದೆ. ಸೌಟೆತ್ತಿ ಇಳಿಬಿಟ್ಟರೆ ಬಿದ್ದ ಎಳೆ ಮೇಲೆಯೇ ಒಂದು ಕ್ಷಣ ನಿಲ್ಲಬೇಕು. ಲಾವಂಚದ ಎಣ್ಣೆ ಹಾಕುವುದು ಆಗಲೇ, ಇಷ್ಟಕ್ಕೆ 10 ಗ್ರಾಂ ಸಾಕು. ಅರಿಶಿನ ಹಾಕಿದರೆ ಮೊದಲು ಕೆಂಪಾಗುತ್ತದೆ, ಗಾಬರಿ ಬೇಡ. ಅರಿಶಿನದ ನೀರಿಗೆ ಸುಣ್ಣ ಸೇರಿದಾಗ ಆರತಿಯ ಕುರುದಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ ಅಲ್ವಾ.

ಅಚ್ಚಿಗೆ ಸುರಿದು, ಒಂದೆರಡು ದಿನ ಬಿಟ್ಟು, ಗ್ಲೌಸ್ ಹಾಕಿಯೇ ಕತ್ತರಿಸುತ್ತೇನೆ. ಅಲ್ಲಿಂದ 4ರಿಂದ 6 ವಾರ ಕಾಯಬೇಕು. ಜಾಲರಿ ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು, ಆಗಾಗ ಮಗುಚಬೇಕು. ಒಂದು ಸಾಬೂನಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗುತ್ತೇನೆ. ನೀರು ಆರುತ್ತಾ ತೂಕ ಇಳಿಯುತ್ತಾ ಹೋಗುತ್ತದೆ. ಇಳಿಯುವುದು ನಿಂತಿತೆಂದರೆ ಒಣಗಿದೆ ಎಂದರ್ಥ. ಕ್ಯಾಲೆಂಡರಿಗಿಂತ ಜಾಸ್ತಿ ನಾನು ಈ ತಕ್ಕಡಿಯನ್ನು ನಂಬುತ್ತೇನೆ. ಪುಣೆಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಚಳಿಗಾಲದ ಒಣಹವೆಗೆ ಇದೇ ಸಾಬೂನು ಬೇಗ ಒಣಗುತ್ತದೆ. ಅಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿರುತ್ತದೆ, ಮೊದಲು ಕರಗಿಸಿಕೊಳ್ಳಬೇಕು ಅಷ್ಟೆ.

ಜುಲೈನಲ್ಲಿ ಹೊರಗಿಟ್ಟ ಸಾಬೂನಿನ ಮೇಲೆ ಸಣ್ಣ ಸಣ್ಣ ಹನಿಗಳು ಕೂರುತ್ತವೆ. ಕೆಟ್ಟಿತು ಎಂದು ಎಸೆಯಬೇಡಿ. ಎಣ್ಣೆ ಸಾಬೂನಾಗುವಾಗ ಗ್ಲಿಸರಿನ್ ಕೂಡ ಹುಟ್ಟುತ್ತದೆ. ಮನೆಯ ಸಾಬೂನಿನಲ್ಲಿ ಅದು ಹಾಗೇ ಉಳಿದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒರೆಸಿ ಬಳಸಬಹುದು. ಕಿತ್ತಳೆ ಬಣ್ಣದ ಚುಕ್ಕೆ ಬಿದ್ದು ಹಳಸಿದ ಎಣ್ಣೆಯ ವಾಸನೆ ಬಂದರೆ ಮಾತ್ರ ಒಳಗಿನ ಎಣ್ಣೆಯೇ ಕೆಟ್ಟಿದೆ. ಅದಕ್ಕೇ ಹೆಚ್ಚು ಎಣ್ಣೆ ಉಳಿದರೆ ಇನ್ನೂ ಮೃದು ಎಂದು ಸೋಡಾವನ್ನು ತುಂಬಾ ಕಡಿಮೆ ಮಾಡುವುದು ನಮ್ಮ ಹವೆಗೆ ಆಗಿಬರುವುದಿಲ್ಲ. ಚೆನ್ನಾಗಿ ಒಣಗಿದವನ್ನು ಬಟರ್ ಪೇಪರಿನಲ್ಲಿ ಸುತ್ತಿ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟರೆ ಮಳೆಗಾಲ ದಾಟುತ್ತವೆ.

ಪಕ್ಕದ ಮನೆಯ ಕಾಕು "ಮಾರಬಹುದಲ್ಲ" ಎನ್ನುತ್ತಾರೆ. ಮಾರಲು ತಯಾರಿಸುವುದಾದರೆ ಕಾನೂನಿನ ಲೆಕ್ಕದಲ್ಲಿ ಮೈ ಸಾಬೂನು ಕಾಸ್ಮೆಟಿಕ್, ಅದಕ್ಕೆ ಲೈಸೆನ್ಸ್ ಬೇಕು. ನಾನು ಬೇಕಾದವರಿಗೆ ಸುಮ್ನೆ ಕೊಡುತ್ತೇನೆ. ಕೊಡುವಾಗ ಹಾಕಿದ ಎಣ್ಣೆಗಳ ಹೆಸರು, ಮಾಡಿದ ತಾರೀಕು ಚೀಟಿಯಲ್ಲಿ ಬರೆದಿಡುತ್ತೇನೆ. ಯಾವುದಾದರೂ ಎಣ್ಣೆ ಒಗ್ಗದವರಿಗೆ ಅದು ಗೊತ್ತಿರಬೇಕು.